ಕೆಲಸ ಸಿಕ್ಕಿದ್ದು ಯಾರಿಗೆ?

ಯೂನಿವರ್ಸಿಟಿ, ಕಾಲೇಜುಗಳಲ್ಲಿ ಪಾಠ ಮಾಡೋ ಹೆಂಗಸರು ಎಷ್ಟು ಅಂತ ಲೆಕ್ಕ ಕೊಡ್ತಾರಲ್ಲ, ಯಾವ ಹೆಂಗಸರು ಅಂತ ಕೇಳಿ ನೋಡಿ, ಮಾತೇ ಹೊರಡಲ್ಲ.

ಬಾಬಾಸಾಹೇಬರಿಗೆ ಹೈಸ್ಕೂಲಲ್ಲಿ ಸಂಸ್ಕೃತ ಕಲಿಯೋಕೆ ಬಿಡಲಿಲ್ಲ, ಪರ್ಷಿಯನ್ ತಗೊಂಡರು. ಅದೇ ಸಂಸ್ಕೃತದಲ್ಲಿ ನಾಗಪುರದ ಮಹಾರ್ ಹುಡುಗಿ ಕುಮುದ್ ಸೋಮಕುವರ್ ಎಂ.ಎ. ಮಾಡಿದರು. ಅರ್ಜಿ ಹಾಕಿದರು, ಇಂಟರ್‌ವ್ಯೂಗೆ ಹೋದರು, ಕುಹಕ ಕೇಳಿದ್ದೂ ಆಯ್ತು. ಕೆಲಸ ಮಾತ್ರ ಬರಲಿಲ್ಲ.

ಆಮೇಲೆ ಮರಾಠಾ ಕುಣಬಿ ಸಮುದಾಯದವರನ್ನ ಮದುವೆಯಾದರು. ಅಡ್ಡಹೆಸರು ಪಾವಡೆ ಆಯ್ತು. ಸರ್ಕಾರಿ ಕಾಲೇಜಲ್ಲಿ ಹುದ್ದೆ ಬಂತು! ಪದವಿ ಅದೇ, ಓದಿದ ಶ್ಲೋಕಗಳೂ ಅವೇ. (ಮೆರಿಟ್ ಅಂತ ಬಾಯಿ ಬಡಕೊಳ್ಳೋರು ಇಲ್ಲಿ ಸ್ವಲ್ಪ ನಿಲ್ಲಿ.)

ಹುದ್ದೆ ಸಿಕ್ಕಿದ್ದು ಕುಮುದ್ ಪಾವಡೆಗೆ, ಸೋಮಕುವರ್ ಇನ್ನೂ ಹೊರಗೇ ಇದ್ದಾಳೆ ಅನ್ನೋ ಅರ್ಥದಲ್ಲಿ ಅವರೇ 1981ರ ‘ಅಂತಃಸ್ಫೋಟ’ದಲ್ಲಿ ಬರೆದುಕೊಂಡಿದ್ದಾರೆ.