ಒಂದೇ ಆಬ್ಜೆಕ್ಟ್ ಸಾಕೆನ್ನುವ ಕ್ಲಾಸ್

ಓಸ್ಲೋದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರಿನಲ್ಲಿ ರೂಪುಗೊಂಡ ಸಿಮ್ಯುಲಾ 67 ಭಾಷೆಯಲ್ಲಿ ಕ್ಲಾಸ್ ಎಂದರೆ ಒಂದೇ ಬಗೆಯ ಹಲವು ಆಬ್ಜೆಕ್ಟ್‌ಗಳನ್ನು ಎರಕ ಹೊಯ್ಯುವ ಅಚ್ಚು. ಅನುಕರಣೆಯ ಲೆಕ್ಕಾಚಾರಗಳಿಗೆಂದೇ ಹುಟ್ಟಿದ ಭಾಷೆಗೆ ಅದು ಸಹಜವೂ ಆಗಿತ್ತು. ಆದರೆ ಪ್ರಿಂಟರಿನ ಸರದಿಯನ್ನು ನೋಡಿಕೊಳ್ಳುವ ಸ್ಪೂಲರಿನಂತೆ, ಇಡೀ ವ್ಯವಸ್ಥೆಗೆ ಒಂದೇ ಇರಬೇಕಾದ ಆಬ್ಜೆಕ್ಟ್‌ಗಳೂ ಉಂಟು. ಎರಿಕ್ ಗಾಮಾ ಮತ್ತು ಅವರ ಮೂವರು ಸಹಲೇಖಕರು 1994ರಲ್ಲಿ ಹೊರತಂದ ‘ಡಿಸೈನ್ ಪ್ಯಾಟರ್ನ್ಸ್’ ಗ್ರಂಥದ 23 ವಿನ್ಯಾಸಗಳಲ್ಲಿ ಸಿಂಗಲ್ಟನ್ ಎಂಬ ಹೆಸರಿನಿಂದ ಸೇರಿದ್ದು ಈ ಅಗತ್ಯವೇ.

ಅದರ ವಿಧಾನ ಸರಳ: ಆಬ್ಜೆಕ್ಟನ್ನು ಸೃಷ್ಟಿಸುವ ಕನ್‌ಸ್ಟ್ರಕ್ಟರ್ ಹೊರಗಿನವರಿಗೆ ಎಟುಕದಂತೆ ಮಾಡಿ, ಕೇಳಿದವರಿಗೆಲ್ಲ ಅದೇ ಒಂದು ಆಬ್ಜೆಕ್ಟನ್ನು ಕೊಡುವ ಮೆಥಡ್ ಬರೆಯುವುದು. ಹಲವನ್ನು ಸೃಷ್ಟಿಸಲೆಂದೇ ಇರುವ ಕ್ಲಾಸಿನ ಕೈಯನ್ನು ಪ್ರೋಗ್ರಾಮರೇ ಕಟ್ಟಿಹಾಕಬೇಕಾದ ಈ ಕಸರತ್ತು ವಾಸ್ತವವಾಗಿ ಭಾಷೆಯದೇ ಕೊರತೆ. ಜಾವಾದಲ್ಲಿ ಆ ಕೊರತೆ ದುಬಾರಿಯಾಯಿತು. ಏಕಕಾಲದಲ್ಲಿ ಓಡುವ ಎರಡು ಥ್ರೆಡ್‌ಗಳು ಎರಡು ಆಬ್ಜೆಕ್ಟ್ ಸೃಷ್ಟಿಸದಿರಲೆಂದು ಬೀಗ ಹಾಕಿ, ಪ್ರತಿ ಸಲವೂ ಬೀಗಕ್ಕಾಗಿ ಕಾಯದಿರಲೆಂದು ಅದರ ಹೊರಗೊಮ್ಮೆ ಒಳಗೊಮ್ಮೆ ಪರೀಕ್ಷಿಸುವ ತಂತ್ರ ಜನಪ್ರಿಯವಾಯಿತಾದರೂ, ಕಂಪೈಲರ್ ಮತ್ತು ಪ್ರೊಸೆಸರ್ ಆದೇಶಗಳ ಕ್ರಮವನ್ನು ಬದಲಿಸಬಹುದಾದ್ದರಿಂದ, ಅರ್ಧ ಸಿದ್ಧವಾದ ಆಬ್ಜೆಕ್ಟ್ ಮತ್ತೊಂದು ಥ್ರೆಡ್‌ನ ಕೈಗೆ ಸಿಗುವ ಅಪಾಯ ಉಳಿದೇ ಇತ್ತು. 2004ರಲ್ಲಿ ಜಾವಾ 5 ತನ್ನ ಮೆಮೊರಿ ನಿಯಮಗಳನ್ನು ತಿದ್ದಿದ ಮೇಲೆಯೇ, ಅದೂ ಆ ವೇರಿಯಬಲ್ಲನ್ನು ‘ವೊಲಟೈಲ್’ ಎಂದು ಘೋಷಿಸಿದರೆ ಮಾತ್ರ, ಈ ತಂತ್ರ ನಂಬಲರ್ಹವಾಯಿತು.

ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಮಾರ್ಟಿನ್ ಒಡೆರ್ಸ್ಕಿ ರೂಪಿಸಿದ ಸ್ಕಾಲಾ ಹಿಡಿದ ದಾರಿ ಬೇರೆ. ಜಾವಾದ ‘ಸ್ಟ್ಯಾಟಿಕ್’ ಸದಸ್ಯರನ್ನು, ಅಂದರೆ ಯಾವ ಆಬ್ಜೆಕ್ಟಿಗೂ ಸೇರದೆ ಕ್ಲಾಸಿಗೇ ಅಂಟಿಕೊಂಡವುಗಳನ್ನು, ಅದು ಕೈಬಿಟ್ಟು, ‘ಕ್ಲಾಸ್’ ಇರುವೆಡೆ ‘ಆಬ್ಜೆಕ್ಟ್’ ಎಂಬ ಕೀಲಿಪದ ಬರೆದರೆ ಘೋಷಣೆಯೊಂದಿಗೇ ಏಕೈಕ ಆಬ್ಜೆಕ್ಟ್ ದೊರೆಯುವ ವ್ಯವಸ್ಥೆ ಮಾಡಿತು. ಕ್ಲಾಸನ್ನೇ ಬಿಟ್ಟು ಆಬ್ಜೆಕ್ಟ್‌ಗಳಿಂದ ಮಾತ್ರ ಭಾಷೆ ಕಟ್ಟಬಹುದೆಂದು ಡೇವಿಡ್ ಉಂಗರ್ ಮತ್ತು ರ್‍ಯಾಂಡಲ್ ಸ್ಮಿತ್ ‘ಸೆಲ್ಫ್’ ಮೂಲಕ 1987ರಲ್ಲೇ ಹೇಳಿದ್ದರೆಂಬುದನ್ನು ನೆನೆದರೆ, ಇದು ತಡವಾಗಿ ಬಂದ ವಿವೇಕವೆನ್ನಬೇಕು. 2016ರಲ್ಲಿ 1.0 ಆವೃತ್ತಿ ಕಂಡ ಕಾಟ್ಲಿನ್ ಅದೇ ಕೀಲಿಪದವನ್ನು ಉಳಿಸಿಕೊಂಡಿತು. ಆದರೆ ಹೀಗೆ ಘೋಷಿಸಿದ ಆಬ್ಜೆಕ್ಟಿನ ಕನ್‌ಸ್ಟ್ರಕ್ಟರಿಗೆ ಹೊರಗಿನಿಂದ ಯಾವ ಮೌಲ್ಯವನ್ನೂ ಕೊಡಲಾಗದು. ಆದ್ದರಿಂದ ಡೇಟಾಬೇಸ್ ತೆರೆಯಲು ಆ್ಯಪ್‌ನ ‘ಕಾಂಟೆಕ್ಸ್ಟ್’ ಬೇಕಾದೆಡೆ ಆಂಡ್ರಾಯ್ಡ್ ಪ್ರೋಗ್ರಾಮರುಗಳು ವೊಲಟೈಲ್ ವೇರಿಯಬಲ್ ಮತ್ತು ಬೀಗದ ಆ ಹಳೆಯ ಸಾಲುಗಳನ್ನೇ ಕೈಯಾರೆ ಬರೆಯುವುದು ಇಂದಿಗೂ ರೂಢಿಯಲ್ಲಿದೆ.