ಗಾಳಿಯೊಳಗಿನ ಪರಕೀಯ

ಪೆರುಂಗುಡಿಯಲ್ಲಿ ಉಸಿರೆಳೆದರೂ ಬೆಂಗಳೂರಿನಲ್ಲಿ ಉಸಿರೆಳೆದರೂ ನಮ್ಮೊಳಗೆ ಸೇರುವ ಒಂದು ಅಪೂರ್ವ ಜಡಾನಿಲವುಂಟು. ಅದೇ ಕ್ಸೆನಾನ್. ಗಾಳಿಯೇ ಅದರ ಮುಖ್ಯ ನೆಲೆ, ಆದರೆ 1.15 ಕೋಟಿ ಪಾಲು ಗಾಳಿಯಲ್ಲಿ ಅದು ಸುಮಾರು ಒಂದು ಪಾಲು ಮಾತ್ರ. 1898ರ ಜುಲೈಯಲ್ಲಿ ಲಂಡನ್ನಿನ ವಿಲಿಯಂ ರಾಮ್ಸೆ ಮತ್ತು ಅವರ ಸಹಾಯಕ ಮೋರಿಸ್ ಟ್ರಾವರ್ಸ್ ದ್ರವಗಾಳಿಯಿಂದ ಪಡೆದ ಕ್ರಿಪ್ಟಾನನ್ನು ಮತ್ತೆ ಮತ್ತೆ ಶೋಧಿಸಿ, ಉಳಿದ ಶೇಷದಲ್ಲಿ ಇದನ್ನು ಕಂಡರು. ಗ್ರೀಕ್ ಭಾಷೆಯಲ್ಲಿ ‘ಪರಕೀಯ’ ಎಂಬರ್ಥದ ಹೆಸರನ್ನೇ ಇಟ್ಟರು.

ಈ ಇಬ್ಬರ ಋಣ ಕನ್ನಡನಾಡಿನ ಮೇಲೂ ಇದೆ. ಜಮ್ಷೆಟ್ಜಿ ಟಾಟಾ ಬಯಸಿದ್ದ ವಿಜ್ಞಾನ ಸಂಸ್ಥೆಗೆ ಬೆಂಗಳೂರೇ ತಕ್ಕ ಸ್ಥಳವೆಂದು ಶಿಫಾರಸು ಮಾಡಿದವರು, 1900ರಲ್ಲಿ ಭಾರತಕ್ಕೆ ಬಂದ ರಾಮ್ಸೆ. ಮೈಸೂರು ಸಂಸ್ಥಾನ 371 ಎಕರೆ ನೆಲ ನೀಡಿತು. ಟ್ರಾವರ್ಸ್ 1906ರಲ್ಲಿ ಮೊದಲ ನಿರ್ದೇಶಕರಾಗಿ ಬಂದರು. 1911ರಲ್ಲಿ ವಿದ್ಯಾರ್ಥಿಗಳು ಸೇರಿದರು. 1914ರಲ್ಲಿ ಅವರು ಹಿಂತಿರುಗಿದರು. 1904ರ ನೊಬೆಲ್ ಬಹುಮಾನ ರಾಮ್ಸೆಗೆ ಸಂದಿತ್ತು; ಟ್ರಾವರ್ಸರ ನೆನಪಾದರೂ ನಮ್ಮಲ್ಲಿ ಉಳಿಯಬೇಕು.

ಯಾರೊಡನೆಯೂ ಬೆರೆಯದೆಂದು ನಂಬಿದ್ದ ಈ ಅನಿಲದಿಂದ 1962ರಲ್ಲಿ ನೀಲ್ ಬಾರ್ಟ್ಲೆಟ್ ಸಂಯುಕ್ತವೊಂದನ್ನು ತಯಾರಿಸಿದರು. ಪರಕೀಯನೆನಿಸಿಕೊಂಡದ್ದೂ ಸಂಬಂಧ ಬೆಳೆಸಬಲ್ಲದು. ಊರು ಬಿಟ್ಟು ಬಂದ ನಮಗಿದು ಹೊಸ ಸುದ್ದಿಯೇನಲ್ಲ.