ಬಿಳಿ ಅಬಲೋನಿ

ಶಾಂತಸಾಗರದ ತಳದ ಬಂಡೆಗಳ ಮೇಲೆ ಬಾಳುವ ಉದರಪಾದಿ ಮೃದ್ವಂಗಿ. ಬಸವನಹುಳುವಿನ ದೂರದ ಸಂಬಂಧಿ. ವೈಜ್ಞಾನಿಕ ಹೆಸರು ಹ್ಯಾಲಿಯೋಟಿಸ್ ಸೊರೆನ್‌ಸೆನಿ. ಬಾರ್ಟ್ಶ್ ಎಂಬ ವಿಜ್ಞಾನಿ 1940ರಲ್ಲಿ ಇದನ್ನು ವರ್ಣಿಸಿ ಹೆಸರಿಟ್ಟ. ಅಂಡಾಕಾರದ ತೆಳು ಚಿಪ್ಪು ಸುಮಾರು 25 ಸೆಂಮೀವರೆಗೆ ಬೆಳೆಯುತ್ತದೆ. ಚಿಪ್ಪಿನ ಒಂದು ಅಂಚಿನುದ್ದಕ್ಕೂ ಸಾಲು ರಂಧ್ರಗಳಿದ್ದು, ಉಸಿರಾಡಿದ ನೀರು, ಮಲ, ಮೊಟ್ಟೆ, ವೀರ್ಯ ಎಲ್ಲವೂ ಅವುಗಳ ಮೂಲಕವೇ ಹೊರಬೀಳುತ್ತವೆ.

ಆವಾಸ: ಕ್ಯಾಲಿಫೋರ್ನಿಯದ ಪಾಯಿಂಟ್ ಕನ್ಸೆಪ್ಷನ್‌ನಿಂದ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯದವರೆಗೆ ಇದರ ನೆಲೆ ಹಬ್ಬಿದೆ. ಆ ಕರಾವಳಿಯ ಅಬಲೋನಿಗಳಲ್ಲಿ ಅತಿ ಆಳದಲ್ಲಿ ಬಾಳುವುದು ಇದೇ. ಸಾಮಾನ್ಯವಾಗಿ 20ರಿಂದ 60 ಮೀಟರ್ ಆಳದಲ್ಲಿ, ಮರಳಿನ ನಡುವೆ ತಲೆಯೆತ್ತಿದ ತಗ್ಗು ಬಂಡೆಗಳ ಮೇಲಿರುತ್ತದೆ. ಅಗಲವಾದ ಪಾದದಿಂದ ಬಂಡೆಗೆ ಕಚ್ಚಿಕೊಂಡು, ತೇಲಿಬರುವ ಕಡಲಕಳೆಯ ಎಲೆಗಳನ್ನು ಹಿಡಿದು ತಿನ್ನುತ್ತದೆ.

ಕುಸಿತ: ಮೇಲಿನ ನೀರಿನ ಕೆಂಪು, ಗುಲಾಬಿ, ಹಸಿರು ಅಬಲೋನಿಗಳು ವಿರಳವಾದಂತೆ ಮುಳುಗುಗಾರರು ಇನ್ನೂ ಆಳಕ್ಕಿಳಿದರು. ಮೆದು ಮಾಂಸಕ್ಕಾಗಿ ಇದಕ್ಕೆ ಒಳ್ಳೆಯ ಬೆಲೆಯಿತ್ತು. 1972ರಲ್ಲಿ ಹಿಡಿದ ಪ್ರಮಾಣ ಸುಮಾರು 65 ಟನ್ ಮುಟ್ಟಿತು. ಆ ದಶಕ ಮುಗಿಯುವ ಹೊತ್ತಿಗೆ ಅತ್ಯಲ್ಪಕ್ಕೆ ಇಳಿಯಿತು. ಕ್ಯಾಲಿಫೋರ್ನಿಯದಲ್ಲಿ 1996ರಲ್ಲಿ ಇದರ ಬೇಟೆ ನಿಂತರೂ ಸಂಖ್ಯೆ ಚೇತರಿಸಲಿಲ್ಲ. ಗಂಡು ಹೆಣ್ಣುಗಳು ವೀರ್ಯ, ಮೊಟ್ಟೆಗಳನ್ನು ನೀರಿಗೆ ಬಿಡುತ್ತವೆ. ಗಂಡು ಹೆಣ್ಣುಗಳು ಕೆಲವೇ ಮೀಟರ್ ಅಂತರದಲ್ಲಿ ಇದ್ದರೆ ಮಾತ್ರ ವೀರ್ಯ, ಮೊಟ್ಟೆಗಳು ಕೂಡಬಲ್ಲವು. ಅಳಿದುಳಿದ ಅಬಲೋನಿಗಳು ಒಂದಕ್ಕೊಂದು ಎಟುಕದಷ್ಟು ಚದುರಿಹೋಗಿದ್ದವು. ಸುಮಾರು 35–40 ವರ್ಷ ಬದುಕುವ ಈ ಜೀವಿಗಳು ಮರಿಗಳಿಲ್ಲದೆ ಮುದಿಯಾದವು.

ಸಂರಕ್ಷಣೆ: 2001ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನ ತನ್ನ ಅಳಿವಿನಂಚಿನ ಪ್ರಭೇದಗಳ ಕಾಯಿದೆಯಡಿ ಇದನ್ನು ಅಳಿವಿನಂಚಿನ ಪ್ರಭೇದವೆಂದು ಘೋಷಿಸಿತು. ಆ ಕಾಯಿದೆಯ ರಕ್ಷಣೆ ಪಡೆದ ಮೊದಲ ಕಡಲ ಅಕಶೇರುಕ ಇದು. ಹಿಡಿದು ತಂದ ಅಬಲೋನಿಗಳಿಂದ ಮರಿ ಮಾಡಿಸುವ ಕೆಲಸವೂ ಆಗಲೇ ಶುರುವಾಯಿತು. ಆದರೆ ಪಾದದ ಸ್ನಾಯು ಸೊರಗಿಸುವ ಬ್ಯಾಕ್ಟೀರಿಯ ರೋಗ ಅವನ್ನು ಸಾಕಿದ ತೊಟ್ಟಿಗಳಿಗೂ ನುಗ್ಗಿ ಅನೇಕವನ್ನು ಕೊಂದಿತು. ಬಳಿಕ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬೊಡೆಗಾ ಕಡಲ ಪ್ರಯೋಗಾಲಯ ಈ ಹೊಣೆ ಹೊತ್ತು, 2012ರಲ್ಲಿ ಮರಿ ಮಾಡಿಸುವಲ್ಲಿ ಗೆದ್ದಿತು. ಅಲ್ಲಿ ತಾಯ್ತಂದೆಗಳನ್ನು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದ ನೀರಿನಲ್ಲಿಟ್ಟು ಮೊಟ್ಟೆ, ವೀರ್ಯ ಬಿಡುವಂತೆ ಪ್ರಚೋದಿಸುತ್ತಾರೆ. 2019ರಲ್ಲಿ ತೊಟ್ಟಿಯಲ್ಲಿ ಬೆಳೆದ ಮರಿಗಳನ್ನು ಮೊದಲ ಬಾರಿಗೆ ದಕ್ಷಿಣ ಕ್ಯಾಲಿಫೋರ್ನಿಯದ ಕಡಲಿಗೆ ಮರಳಿಸಲಾಯಿತು. ಅವನ್ನು ಚದುರಿಸದೆ ಗುಂಪಾಗಿ ನೆಲೆಗೊಳಿಸುವುದೇ ಈ ಕಾರ್ಯಕ್ರಮದ ತಿರುಳು. ಬೆಳೆದ ಮೇಲೆ ಒಂದಕ್ಕೊಂದು ನೆರೆಯಲ್ಲಿದ್ದರೆ ಮಾತ್ರ ಸಂತತಿ ತಾನಾಗಿ ಮುಂದುವರಿಯುತ್ತದೆ.